ಹದಿನಾರು ಸಾವಿರ ಅಡಿ ಎತ್ತರದ ಬಯಲಿಗೆ ಹೋದಾಕಿ

ಸಾಂಟಿಯಾಗೊ

ಚಿಲಿ ದೇಶಕ್ಕೆ ಕಾಲಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ನಾನು ಕಳ್ಳಿಯಾದೆ. ಸಾಂಟಿಯಾಗೊ ವಿಮಾನ ನಿಲ್ದಾಣದಲ್ಲಿ ಒಂದು ಕಂದು ನಾಯಿ ನಮ್ಮ ಚೀಲವನ್ನು ಎರಡು ಸುತ್ತು ಹಾಕಿ ಅದರ ಮುಂದೆ ಕುಳಿತುಬಿಟ್ಟಿತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಸುಮ್ಮನೆ ಕುಳಿತು ತನ್ನನ್ನು ಹಿಡಿದವನ ಮುಖ ನೋಡಿತು. ಸಮವಸ್ತ್ರ ತೊಟ್ಟ ಹೆಣ್ಣುಮಗಳೊಬ್ಬಳು ಬಂದು ಚೀಲ ಬಿಚ್ಚಿಸಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಪುಡಿ, ಅವುಗಳ ಕೆಳಗೆ ಒಂದು ಸೇರು ಹಸಿ ಶೇಂಗಾ.

ಆ ದೇಶದಲ್ಲಿ ಬೀಜ, ಕಾಳು ಏನೇ ತಂದರೂ ಮೊದಲೇ ಚೀಟಿಯಲ್ಲಿ ತಿಳಿಸಬೇಕಂತೆ. ವಿಮಾನದಲ್ಲಿ ಕೊಟ್ಟ ಚೀಟಿಯನ್ನು ತುಂಬಿದವರು ನಮ್ಮ ಯಜಮಾನರು. ಓದದೆಯೇ ಎಲ್ಲದಕ್ಕೂ ‘ಇಲ್ಲ’ ಎಂದು ಗೀಟು ಎಳೆದಿದ್ದರು. ಹಸಿ ಶೇಂಗಾ ಇಟ್ಟುಕೋ, ಅಲ್ಲೇ ಹುರಿದು ತಿನ್ನೋಣ ಎಂದವರೂ ಅವರೇ. ಆಕೆ ಶೇಂಗಾದ ಗಂಟನ್ನು ಎತ್ತಿ ಹಿಡಿದು ಯಾರದು ಎಂದು ಕೇಳಿದಾಗ ಇವರು ಇಂಗ್ಲಿಷಿನಲ್ಲಿ, “ನನ್ನ ಹೆಂಡತಿ ಇಟ್ಟದ್ದು. ಆಕೆ ಹೆಚ್ಚು ಓದಿದವಳಲ್ಲ” ಎಂದರು.

ನನಗೆ ಇಂಗ್ಲಿಷ್ ಅರ್ಥವಾಗುತ್ತದೆ. ಕೊಪ್ಪಳದಲ್ಲಿ ಪಿಯುಸಿ ವಿಜ್ಞಾನ ಓದಿ ಇಡೀ ಕಾಲೇಜಿಗೆ ಮೊದಲು ಬಂದವಳು ನಾನು. ಅದೇ ಬೇಸಿಗೆಯಲ್ಲಿ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಯಜಮಾನರ ಹೆಸರು ವೀರಭದ್ರಪ್ಪ. ಕುಷ್ಟಗಿಯಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದು ನಿವೃತ್ತರಾದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿ ಹೋದರೂ ‘ಚುಕ್ಕಿ ಮಾಸ್ತರ’ ಎಂದರೆ ಸಾಕು, ಮನೆ ತೋರಿಸುತ್ತಾರೆ. ನಕ್ಷತ್ರಗಳು, ಗ್ರಹಗಳು ಹೇಗೆ ಹುಟ್ಟುತ್ತವೆ ಎಂದು ಶಾಲೆ ಶಾಲೆಗೆ ಹೋಗಿ ಮೂವತ್ತು ವರ್ಷ ಹೇಳಿದ್ದಾರೆ. ಅವರ ಬೆನ್ನ ಹಿಂದೆ ತೂಗುಹಾಕುವ ಚಾರ್ಟುಗಳನ್ನೆಲ್ಲ ಬರೆದವಳು ನಾನು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶೇಂಗಾ ಹೋಯಿತು. ರೊಟ್ಟಿ ಉಳಿಯಿತು. ನಾನು ಎರಡು ಕಾಗದಕ್ಕೆ ಸಹಿ ಹಾಕಿದೆ.

ಸಾನ್ ಪೆಡ್ರೊ

ಅಲ್ಲಿಂದ ಉತ್ತರಕ್ಕೆ ಇನ್ನೊಂದು ವಿಮಾನ, ಆಮೇಲೆ ಮರುಭೂಮಿಯಲ್ಲಿ ಕಾರು. ಕರೆದೊಯ್ಯಲು ಬಂದಿದ್ದವಳು ರಿಜ್ವಾನಾ. ಗಂಗಾವತಿಯಲ್ಲಿ ಸ್ಟೋವ್ ರಿಪೇರಿ ಮಾಡುತ್ತಿದ್ದವರ ಮಗಳು. ಕುಷ್ಟಗಿಯ ಚಿಕ್ಕಮ್ಮನ ಮನೆಯಲ್ಲಿದ್ದು ಇವರ ಕೈಯಲ್ಲಿ ಪಿಯುಸಿ ಓದಿದಳು. ಈಗ ಅಲ್ಲಿಯ ದೊಡ್ಡ ಖಗೋಳ ಕೇಂದ್ರದಲ್ಲಿ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾಗಳ ಎಂಜಿನಿಯರ್. ಆ ಕೆಲಸದ ಅವಧಿ ಮುಗಿಯುತ್ತಾ ಬಂದಿತ್ತು. ಬಿಟ್ಟು ಹೋಗುವ ಮೊದಲು ಸರ್ ಒಮ್ಮೆ ನೋಡಲಿ ಎಂದು ಕರೆಸಿಕೊಂಡಿದ್ದಳು. ಸರ್ ಬಂದರೆ ಅವರ ಹೆಂಡತಿಯೂ ಬರಬೇಕಲ್ಲ, ಹಾಗೆ ನಾನೂ.

ಸಾನ್ ಪೆಡ್ರೊ ಸಣ್ಣ ಊರು. ಕಾರಿಂದ ಇಳಿದಾಗ ಯಲಬುರ್ಗಾ ಕಡೆಯ ಯಾವುದೋ ಹಳ್ಳಿಗೆ ಬಂದಂತಾಯಿತು. ಮಣ್ಣಿನ ದಪ್ಪ ಗೋಡೆ, ತಲೆ ಬಗ್ಗಿಸಿ ಹೋಗುವ ಬಾಗಿಲು, ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ. ನಮ್ಮಲ್ಲಿ ಇಂಥ ಮನೆಗಳನ್ನು ಕೆಡವಿ ಸಿಮೆಂಟಿನವು ಕಟ್ಟುತ್ತಿದ್ದೇವೆ. ಅಲ್ಲಿ ಸಿಮೆಂಟಿನ ಗೋಡೆಗೂ ಮಣ್ಣು ಮೆತ್ತಿ ಹಳೆಯದರಂತೆ ಮಾಡುತ್ತಾರೆ. ಓಣಿ ತುಂಬ ನಾಯಿಗಳು. ಯಾರೂ ಹಚಾ ಅನ್ನುವುದಿಲ್ಲ. ಮಲಗಿದ ನಾಯಿಯನ್ನು ಸುತ್ತಿ ಬಳಸಿ ಜನ ನಡೆಯುತ್ತಾರೆ.

ನಾವು ಇಳಿದುಕೊಂಡ ಮನೆಯ ಒಡತಿ ಎಲೆನಾ, ಸುಮಾರು ನನ್ನ ವಯಸ್ಸಿನವಳು. ಅಲ್ಲಿ ಬಂದವರ ಬಲಗೆನ್ನೆಗೆ ಕೆನ್ನೆ ತಾಗಿಸಿ ಮಾತಾಡಿಸುವುದು ವಾಡಿಕೆ. ಆಕೆ ಮುಂದೆ ಬಂದದ್ದೇ ತಡ, ನಮ್ಮ ಯಜಮಾನರು ಕೈ ಮುಗಿದುಕೊಂಡು ಹಿಂದೆ ಹಿಂದೆ ಸರಿದು, ಕಳ್ಳಿ ಗಿಡದ ಕುಂಡದ ಮೇಲೆ ಕುಳಿತರು. ಅವರ ಪ್ಯಾಂಟಿನಿಂದ ಮುಳ್ಳು ಕೀಳುವುದರಲ್ಲಿ ನನ್ನ ಮೊದಲ ಸಂಜೆ ಕಳೆಯಿತು. ಎಲೆನಾ ಚಹಾ, ಬ್ರೆಡ್ಡು ಇಟ್ಟಳು. ಮಳೆ ಯಾವಾಗ ಬರುತ್ತದೆ ಎಂದು ನಾನು ರಿಜ್ವಾನಾಳ ಕಡೆಯಿಂದ ಕೇಳಿಸಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಹೋದ ವರ್ಷ ಒಂದು ದಿನ ಬಂದಿತ್ತು, ಮನೆಯೆಲ್ಲ ಸೋರಿತು, ಮತ್ತೆ ಬರದಿದ್ದರೆ ಒಳ್ಳೆಯದು ಎಂದಳು. ಮಳೆ ಬೇಡ ಎಂದವರನ್ನು ನಾನು ನೋಡಿದ್ದು ಅದೇ ಮೊದಲು.

“ನಮಗೂ ಮಳಿ ಬ್ಯಾಡ್ರಿ ಅಮ್ಮಾರ,” ಎಂದಳು ರಿಜ್ವಾನಾ. “ಚುಕ್ಕಿ ಹುಟ್ಟೂ ಮೋಡ ಭಾಳ ತಣ್ಣಗಿರ್ತೈತಿ. ಅದರಿಂದ ಬರೂ ರೇಡಿಯೋ ಅಲಿ ಗಾಳಿಯೊಳಗಿನ ನೀರಿನ ಪಸೆ ಕಂಡ್ರ ಅಲ್ಲೇ ಸತ್ತು ಹೋಗ್ತಾವು. ಅದಕ್ಕ ಒಣಾ ಜಾಗ ಹುಡುಕ್ಕೊಂತ ಇಷ್ಟು ಮ್ಯಾಲೆ ಹತ್ತೀವಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, “ಆಕಿಗೇನ್ ತಿಳೀತೈತಿ ಬಿಡು, ನನಗ ಹೇಳು” ಎಂದು ಕುರ್ಚಿಯನ್ನು ರಿಜ್ವಾನಾಳ ಕಡೆ ಎಳೆದುಕೊಂಡರು.

ಕೆಳಗಿನ ಕೇಂದ್ರ

ಆಂಟೆನಾಗಳು ಇರುವುದು ಹದಿನಾರು ಸಾವಿರ ಅಡಿ ಎತ್ತರದ ಬಯಲಿನಲ್ಲಿ. ಅಲ್ಲಿ ಗಾಳಿ ನಮ್ಮಲ್ಲಿಯ ಅರ್ಧದಷ್ಟು. ಅದಕ್ಕೇ ಕೆಲಸ ಮಾಡುವವರು ಉಳಿಯುವುದೆಲ್ಲ ಕೆಳಗಿನ ಕೇಂದ್ರದಲ್ಲಿ. ಮೇಲೆ ಹೋಗಬೇಕಾದರೆ ಯಾರೇ ಇರಲಿ, ಕೆಳಗೆ ತಪಾಸಣೆ ಆಗಬೇಕು. ಪಾವ್ಲಾ ಎನ್ನುವ ನರ್ಸ್ ಇವರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ನೀರು ಕೊಟ್ಟು, ಕಾಲು ಗಂಟೆ ಸುಮ್ಮನೆ ಕೂಡಿಸಿ ಮತ್ತೆ ನೋಡಿದಳು. ಮೂರನೆಯ ಸಲ ನೋಡುವಾಗ ಇವರು ಸಿಟ್ಟಿಗೆದ್ದಿದ್ದರು. ಬಿಪಿ ಇನ್ನಷ್ಟು ಏರಿತು. ಪಾವ್ಲಾ ತಲೆ ಅಲ್ಲಾಡಿಸಿದಳು.

“ನನಗೇನೂ ಆಗಿಲ್ಲ. ಹೇಳು ಆಕಿಗೆ,” ಎಂದರು ಇವರು ರಿಜ್ವಾನಾಗೆ.

“ಸರ್, ಇಲ್ಲಿ ಆಕಿ ಮಾತೇ ಕಡೀದ್ರಿ. ಡೈರೆಕ್ಟರ್ ಬಂದ್ರೂ ಅಷ್ಟ.”

“ಜೀವನ ಪೂರ್ತಿ ಇದನ್ನ ಕಲಿಸೇನಿ ನಾ. ಬಾಗಿಲ ತನಕ ಬಂದು ಹೊಳ್ಳಿ ಹೋಗ್ಲ್ಯಾ?”

ಅವರನ್ನು ನೋಡಿ ನನಗೆ ಕರುಳು ಚುರ್ ಎಂದಿತು, ಸುಳ್ಳು ಹೇಳಲಾರೆ. ಅಷ್ಟರಲ್ಲಿ ಪಾವ್ಲಾ ನನ್ನ ತೋಳು ಹಿಡಿದಳು. ಪಟ್ಟಿ ಉಬ್ಬಿತು, ಇಳಿಯಿತು. ಬೆರಳಿಗೆ ಚಿಮಟಿಗೆಯಂಥದ್ದು ಸಿಕ್ಕಿಸಿ ನೋಡಿದಳು. ಹೆಬ್ಬೆರಳು ಎತ್ತಿ ತೋರಿಸಿದಳು.

“ಅಮ್ಮಾರ ಹೋಗಬಹುದಂತ್ರಿ,” ಎಂದಳು ರಿಜ್ವಾನಾ ಮೆಲ್ಲಗೆ.

ಇವರು ನನ್ನತ್ತ ನೋಡಿ, “ನೀ ಹೋಗಿ ಏನ್ ಮಾಡ್ತಿ?” ಎಂದರು. ಸಿಟ್ಟಿನಿಂದ ಕೇಳಿದ್ದಲ್ಲ. ನಿಜಕ್ಕೂ ಅವರಿಗೆ ಉತ್ತರ ಹೊಳೆದಿರಲಿಲ್ಲ.

“ನೋಡಿ ಬರ್ತೀನ್ರಿ,” ಎಂದೆ.

“ಆಂಟೆನಾ ಫೋಟೋದಾಗೂ ಕಾಣ್ತಾವು.”

“ಆದ್ರೂ ಹೋಗಿ ಬರ್ತೀನಿ.”

ಮೂವತ್ತಾರು ವರ್ಷದ ಸಂಸಾರದಲ್ಲಿ ಇವರ ಮಾತಿಗೆ ‘ಆದ್ರೂ’ ಎಂದದ್ದು ನನಗೆ ನೆನಪಿಲ್ಲ. ಇವರು ಗೋಡೆ ಕಡೆ ಮುಖ ತಿರುಗಿಸಿದರು. ಸೀರೆಯಲ್ಲಿ ಹೋಗುವಂತಿಲ್ಲ ಎಂದು ರಿಜ್ವಾನಾ ತನ್ನ ಪ್ಯಾಂಟು, ದಪ್ಪ ಜಾಕೀಟು ಕೊಟ್ಟಳು. ಕಾಲಿಗೆ ಗಟ್ಟಿ ಬೂಟು, ತಲೆಗೆ ಹೆಲ್ಮೆಟ್ಟು. ಕನ್ನಡಿ ಎಲ್ಲೂ ಇರಲಿಲ್ಲ, ಛಲೋ ಆಯಿತು.

ಮೇಲಿನ ಬಯಲು

ದಾರಿಯಲ್ಲಿ ಮೊದಲು ಆಳೆತ್ತರದ ಕಳ್ಳಿಗಳಿದ್ದವು, ಮುಂದೆ ಹುಲ್ಲು, ಆಮೇಲೆ ಅದೂ ಇಲ್ಲ. ಮಣ್ಣು ನಮ್ಮ ಕಡೆಯ ಮಸಾರಿ ನೆಲದಂತೆ ಕೆಂಪಗಿತ್ತು. ಆದರೆ ಒಂದು ಗೆರೆ ನೇಗಿಲು ಹಾಯ್ದ ಗುರುತಿಲ್ಲ, ಒಂದು ಬದುವಿಲ್ಲ. ಆನೆಗೊಂದಿಯ ಗುಡ್ಡ ಎಷ್ಟೇ ಬೋಳಾಗಿದ್ದರೂ ಅದರ ಬುಡದಲ್ಲಿ ಭತ್ತವೋ ಬಾಳೆಯೋ ಹಸಿರಾಗಿರುತ್ತದೆ. ಇಲ್ಲಿ ಕಣ್ಣು ನಿಲ್ಲಲು ಏನೂ ಇರಲಿಲ್ಲ.

ಗಾಡಿ ನಿಂತಿತು. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಇಳಿದೆ. ಹತ್ತು ಹೆಜ್ಜೆಗೆ ಎದೆ ನಗಾರಿಯಾಯಿತು. ಆಕಾಶ ಹಗಲಲ್ಲೇ ಕಡುನೀಲಿ. ಬಯಲ ತುಂಬ ಬಿಳಿ ಆಂಟೆನಾಗಳು, ಅರವತ್ತಕ್ಕೂ ಹೆಚ್ಚು. ಒಂದೊಂದೂ ನಮ್ಮ ಓಣಿಯ ನೀರಿನ ಟ್ಯಾಂಕಿಗಿಂತ ದೊಡ್ಡದು. ನಾನು ನೋಡುತ್ತಿದ್ದಂತೆ ಅಷ್ಟೂ ಒಟ್ಟಿಗೆ ತಿರುಗಿದವು. ಶಾಲೆಯ ತಪಾಸಣೆಗೆ ಸಾಹೇಬರು ಬಂದಾಗ ಇಡೀ ತರಗತಿ ಬಾಗಿಲ ಕಡೆ ತಿರುಗುತ್ತದಲ್ಲ, ಹಾಗೆ. ಜೇನುಗೂಡಿನ ಹತ್ತಿರ ಕೇಳುವಂಥ ಒಂದು ಸಣ್ಣ ಸದ್ದು ಬಂತು, ನಿಂತಿತು.

“ಈಗೇನ್ ನೋಡಾಕ ಹತ್ಯಾವು?” ಎಂದೆ. ಒಂದೊಂದು ಶಬ್ದಕ್ಕೂ ಒಂದು ಉಸಿರು ಬೇಕಾಗುತ್ತಿತ್ತು.

“ಒಂದು ಕರೀ ಮೋಡ್ರಿ. ಅದರೊಳಗ ಒಂದು ಚುಕ್ಕಿ ಹುಟ್ಟಾಕ ಹತ್ತೈತಿ. ಕಣ್ಣಿಗೆ ಕಾಣೂ ಬೆಳಕು ಆ ದೂಳು ದಾಟಿ ಹೊರಗ ಬರೂದಿಲ್ಲ. ಈ ಅಲಿ ಮಾತ್ರ ದಾಟಿ ಬರ್ತಾವು. ಹಗಲಾದ್ರೂ ನಡೀತೈತಿ, ರಾತ್ರಿನೇ ಆಗಬೇಕಂತಿಲ್ಲ.”

ಒಳಗಿನ ಕಟ್ಟಡದಲ್ಲಿ ಕುರ್ಚಿ ಕೊಟ್ಟು ಕೂಡಿಸಿ ಆಕೆ ಹೇಳಿದಳು. ಗ್ಯಾಸು, ದೂಳು ತುಂಬಿದ ತಣ್ಣನೆಯ ಮೋಡದಲ್ಲಿ ಒಂದು ಜಾಗ ಉಳಿದ ಕಡೆಗಿಂತ ಸ್ವಲ್ಪ ಗಟ್ಟಿಯಾಗಿರುತ್ತದೆ. ಅದು ಸುತ್ತಲಿನದನ್ನು ತನ್ನ ಕಡೆ ಎಳೆಯತೊಡಗುತ್ತದೆ. ಬಂದಷ್ಟೂ ಭಾರ, ಭಾರವಾದಷ್ಟೂ ಎಳೆತ. ಮೋಡಕ್ಕೆ ಮೊದಲೇ ಒಂದಿಷ್ಟು ತಿರುಗಾಟ ಇರುತ್ತದೆ. ಕುಗ್ಗುತ್ತಾ ಹೋದ ಹಾಗೆ ಅದು ಜೋರಾಗುತ್ತದೆ. ಜೋರಾಗಿ ತಿರುಗುವುದು ನೇರ ನಡುವಿಗೆ ಬೀಳಲಾರದು. ಮೇಲಿನಿಂದ ಕೆಳಗಿನಿಂದ ಬಿದ್ದದ್ದೆಲ್ಲ ಸೇರಿ ನಡುವಿನ ಸುತ್ತ ಒಂದು ಚಪ್ಪಟೆ ತಟ್ಟೆಯಾಗುತ್ತದೆ.

“ರೊಟ್ಟಿ ಬಡದಂಗ,” ಎಂದೆ.

“ಸರ್ ಕ್ಲಾಸಿನ್ಯಾಗ ಇದನ್ನ ಹೇಳ್ತಿದ್ರು. ಆದ್ರ ಅಲ್ಲಿ ಬಡಿಯೂ ಕೈ ಇರಂಗಿಲ್ಲ ನೋಡ್ರಿ, ಅಷ್ಟ ಫರಕು.”

ರೊಟ್ಟಿಯ ಮಾತು ಇವರಿಗೆ ಸಿಕ್ಕಿದ್ದು ನನ್ನ ಅಡುಗೆಮನೆಯಲ್ಲಿ. ನಾನೇ ಹಿಟ್ಟು ಬಡಿಯುತ್ತಾ ಹೇಳಿದ್ದು. ಅದನ್ನು ನಾನು ರಿಜ್ವಾನಾಗೆ ಹೇಳಲಿಲ್ಲ. ಬದಲಿಗೆ ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. ನನ್ನ ಚಾರ್ಟಿನಲ್ಲಿ ಮೂರನೆಯ ಚೌಕದಲ್ಲಿ ನಕ್ಷತ್ರ ಪೂರ್ತಿ ಹುಟ್ಟಿರುತ್ತದೆ, ಐದನೆಯದರಲ್ಲಿ ಗ್ರಹಗಳು ಶುರುವಾಗುತ್ತವೆ. ನಡುವೆ ಅಷ್ಟು ಹೊತ್ತು ದೂಳು ಏನು ಮಾಡುತ್ತಿರುತ್ತದೆ?

ರಿಜ್ವಾನಾ ನನ್ನನ್ನು ದಿಟ್ಟಿಸಿ ನೋಡಿದಳು. “ಆ ಚಾರ್ಟು ನೀವು ಬರದದ್ದಾ ಅಮ್ಮಾರ?”

“ಹೂಂ.”

“ನನಗ ಕ್ಲಾಸಿನ ಮಾತು ಅಷ್ಟು ನೆನಪಿಲ್ರಿ. ಆ ಚಾರ್ಟ್ ನೆನಪೈತಿ. ಕರೀ ಮೋಡದ ಅಂಚಿಗೆ ಕಾಡಿಗಿ ಹಚ್ಚಿದ್ರಿ.”

“ಹೌದು, ಕಾಡಿಗೀನ. ಬಣ್ಣ ಮುಗದಿತ್ತು.”

ಆಕೆ ನಕ್ಕಳು. ಆಮೇಲೆ ಹೇಳಿದಳು: ಈಗ ಸಿಗುವ ಚಿತ್ರಗಳನ್ನು ನೋಡಿದರೆ ದೂಳು ಅಷ್ಟು ಹೊತ್ತು ಕಾಯುವುದಿಲ್ಲ. ನಕ್ಷತ್ರ ಇನ್ನೂ ಮೋಡವನ್ನು ಉಣ್ಣುತ್ತಾ ಬೆಳೆಯುತ್ತಿರುವಾಗಲೇ ಸುತ್ತಲಿನ ತಟ್ಟೆಯಲ್ಲಿ ಕಣಕ್ಕೆ ಕಣ ಅಂಟತೊಡಗುತ್ತದೆ, ಮಂಚದ ಕೆಳಗೆ ದೂಳು ಉಂಡೆಗಟ್ಟಿದ ಹಾಗೆ. ಕೆಲವು ಎಳೆಯ ತಟ್ಟೆಗಳಲ್ಲಿ ಆಗಲೇ ಉಂಗುರದಂಥ ಕಂದಕಗಳು ಕಾಣುತ್ತವೆ. ಅಲ್ಲಿ ಗ್ರಹವೊಂದು ದಾರಿ ಮಾಡಿಕೊಳ್ಳುತ್ತಿದೆಯೋ ಏನೋ.

“ಸಣ್ಣ ಹರಳುಕಲ್ಲಿನಷ್ಟು ಆಗೂತನಕ ತಿಳದೈತಿ. ಅದು ಗುಡ್ಡದಷ್ಟು ಹೆಂಗ ಆಗ್ತೈತಿ ಅನ್ನೂದು ಇನ್ನಾ ಪೂರಾ ಗೊತ್ತಿಲ್ರಿ ಅಮ್ಮಾರ. ಲೆಕ್ಕದ ಪ್ರಕಾರ ಒಂದಕ್ಕೊಂದು ಬಡದು ಒಡೀಬೇಕಿತ್ತು, ಇಲ್ಲಾ ನಡುವಿನ ಚುಕ್ಕಿಗೇ ಬೀಳಬೇಕಿತ್ತು.”

ಗೊತ್ತಿಲ್ಲ ಎಂದು ಆಕೆ ಎಷ್ಟು ಹಗುರಾಗಿ ಹೇಳಿದಳೆಂದರೆ ನನಗೆ ಇನ್ನೊಮ್ಮೆ ಕೇಳಬೇಕೆನಿಸಿತು. ನಮ್ಮ ಮನೆಯಲ್ಲಿ ಆ ಶಬ್ದ ನನ್ನ ಬಾಯಲ್ಲಿ ಮಾತ್ರ ಬರುವಂಥದ್ದು.

ಹೊರಡುವ ಮೊದಲು, ಗಾಳಿ ಕಡಿಮೆಯಾಗಿ ತಲೆ ಮಂಕಾಗಿದೆಯೇ ಎಂದು ನೋಡಲು ಅಲ್ಲಿಯ ಒಬ್ಬ ನನ್ನ ಹೆಸರು, ಊರು, ತಾಯಿಯ ಹೆಸರು ಕೇಳಿದ. ಸುಶೀಲಾ, ಕುಷ್ಟಗಿ. ತಾಯಿಯ ಹೆಸರು ಬರಲಿಲ್ಲ. ಅವ್ವನ ಮುಖ ಕಾಣುತ್ತಿದೆ, ಮೂಗುತಿ ಕಾಣುತ್ತಿದೆ, ಓದು ಬಿಡಿಸಿದ ದಿನ ಬಾಗಿಲ ಹಿಂದೆ ನಿಂತು ಅತ್ತದ್ದು ಕಾಣುತ್ತಿದೆ, ಹೆಸರಿಲ್ಲ. ಗಾಡಿ ಅರ್ಧ ಇಳಿದ ಮೇಲೆ ತಾನಾಗಿ ಬಂತು. ಗೌರವ್ವ. ಜೋರಾಗಿಯೇ ಹೇಳಿದೆ. ಚಾಲಕ ತಿರುಗಿ ನೋಡಿದ.

ಮತ್ತೆ ಸಾನ್ ಪೆಡ್ರೊ

ಇವರು ಮುನಿಸಿಕೊಂಡಿರುತ್ತಾರೆ ಎಂದು ಹೆದರಿಕೊಂಡೇ ಬಂದೆ. ಆದರೆ ಎಲೆನಾಳ ಅಂಗಳದಲ್ಲಿ ಎರಡು ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಕೈಯಲ್ಲಿ ನೋಟ್‌ಬುಕ್ಕು.

“ಕೂಡು. ಏನೇನ್ ನೋಡಿದಿ, ಒಂದೂ ಬಿಡದಂಗ ಹೇಳು.”

ಹೇಳಿದೆ. ಇವರು ಬರೆದುಕೊಂಡರು. ನಡುನಡುವೆ ತಡೆದು ಕೇಳಿದರು: ಸದ್ದು ಹೆಂಗಿತ್ತು? ಉಸಿರು ಎಷ್ಟು ಹೆಜ್ಜಿಗೆ ಹತ್ತಿತು? ಅವ್ವನ ಹೆಸರು ಎಷ್ಟೊತ್ತಿಗೆ ನೆನಪಾತು? ಚಾರ್ಟು ಹಳೆಯದಾಯಿತಂತೆ ಎಂದಾಗಲೂ ಸಿಟ್ಟಾಗಲಿಲ್ಲ. ಎಲೆನಾ ಎರಡು ಸಲ ಚಹಾ ತಂದಿಟ್ಟಳು. ಹೊತ್ತು ಮುಳುಗುವ ತನಕ ನಾನು ಮಾತಾಡಿದೆ, ಇವರು ಕೇಳಿದರು. ಇವರು ನನ್ನ ಮಾತನ್ನು ಬರೆದುಕೊಂಡದ್ದು ಅದೇ ಮೊದಲು. ಆ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಯಾವುದೆಂದು ಅಂದು ಯಾರಾದರೂ ಕೇಳಿದ್ದರೆ, ಬಯಲು ಎನ್ನುತ್ತಿರಲಿಲ್ಲ, ಆ ಅಂಗಳ ಎನ್ನುತ್ತಿದ್ದೆ. ಅದನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಕೊಪ್ಪಳ, ಗಂಗಾವತಿ, ಯಲಬುರ್ಗಾ

ಊರಿಗೆ ಬಂದ ತಿಂಗಳಿಗೆ ಕೊಪ್ಪಳದ ಕಾಲೇಜಿನಲ್ಲಿ ಇವರ ಭಾಷಣ. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. “ನಾನು ಗಾಡಿಯಿಂದ ಇಳಿದೆ. ಹತ್ತು ಹೆಜ್ಜೆಗೆ ಎದೆ ನಗಾರಿಯಾಯಿತು” ಎಂದರು. ಬಾಯಿ ತಪ್ಪಿ ಬಂದಿರಬೇಕು, ಈಗ ತಿದ್ದಿಕೊಳ್ಳುತ್ತಾರೆ ಎಂದು ಕಾದೆ. ತಿದ್ದಲಿಲ್ಲ. ಪರದೆಯ ಮೇಲೆ ಒಂದು ಫೋಟೋ ಬಂತು. ರಿಜ್ವಾನಾ ಹಿಂದಿನಿಂದ ತೆಗೆದದ್ದು: ಆಂಟೆನಾಗಳ ಮುಂದೆ ಜಾಕೀಟು, ಪ್ಯಾಂಟು, ಹೆಲ್ಮೆಟ್ಟಿನಲ್ಲಿ ಬೆನ್ನು ತೋರಿಸಿ ನಿಂತ ಒಬ್ಬರು. ಗಂಡೋ ಹೆಣ್ಣೋ ಗೊತ್ತಾಗುವಂತಿಲ್ಲ. ಜನ ಚಪ್ಪಾಳೆ ತಟ್ಟಿದರು.

ಗಂಗಾವತಿಯಲ್ಲಿ ಅವ್ವನ ಹೆಸರು ಮರೆತದ್ದನ್ನು ಹೇಳಿದರು. ಅಲ್ಲಿ ಅದು ಇವರ ಅವ್ವ ಆಗಿತ್ತು. ನಮ್ಮತ್ತೆಯ ಹೆಸರು ಹೇಳಿ ಒಂದು ಕ್ಷಣ ಗದ್ಗದಿತರಾದರು. ಹಿಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ.

ಯಲಬುರ್ಗಾದಲ್ಲಿ ಒಬ್ಬ ಹುಡುಗಿ ಎದ್ದು ನಿಂತು ನನ್ನನ್ನೇ ಕೇಳಿದಳು. “ಅಕ್ಕಾರ, ನೀವೂ ಸರ್ ಜೋಡಿ ಮ್ಯಾಲೆ ಹೋಗಿದ್ರ್ಯಾ?”

ನಾನು ಮೈಕು ಕೈಗೆ ತೆಗೆದುಕೊಳ್ಳುವ ಮೊದಲೇ ಇವರು ವೇದಿಕೆಯಿಂದ ಹೇಳಿದರು, “ಆಕಿಗೆ ಬಿಪಿ ಐತಮ್ಮ. ಅಲ್ಲಿ ನರ್ಸ್ ಬಿಡಲಿಲ್ಲ. ಪಾಪ, ಕೆಳಗ ಕುಂತಿದ್ಲು.”

ಇಡೀ ಸಭೆ ನನ್ನ ಕಡೆ ನೋಡಿ ಲೊಚಗುಟ್ಟಿತು.

ಕಾರಿನಲ್ಲಿ ಕೇಳಿದೆ. “ಬಿಪಿ ಯಾರಿಗೈತ್ರಿ?”

“ಜನಕ್ಕ ವಿಷಯ ತಿಳಿಯೂದು ಮುಖ್ಯ. ಯಾರು ಹತ್ತಿದ್ರು, ಯಾರು ಇಳದ್ರು, ಅದನ್ನ ತಗೊಂಡು ಅವರೇನ್ ಮಾಡ್ತಾರ?”

“ಹಂಗಾದ್ರ ನಾ ಹೋಗಿದ್ದೆ ಅಂತನ ಹೇಳ್ರಿ.”

“ನೀ ಹೋಗಿದ್ದಿ ಅಂದ್ರ ಯಾರು ಕೇಳ್ತಾರ? ನಿನ್ನ ಅಲ್ಲೀತನಕ ಕರ್ಕೊಂಡು ಹೋದಾವ ನಾನು. ಅದನ್ನ ಮರಿಬ್ಯಾಡ.”

ನಾನು ಆ ವಾರ ಹೊಸ ಚಾರ್ಟು ಬರೆಯುವುದಿತ್ತು. ಹಾಳೆ ಕತ್ತರಿಸಿ ಇಟ್ಟಿದ್ದೆ. ಬರೆಯಲಿಲ್ಲ.

ಹನುಮಸಾಗರ

ಹನುಮಸಾಗರದ ಹೈಸ್ಕೂಲಿನವರು ಕರೆದಿದ್ದರು. ಭಾಷಣ ಊಟದ ನಂತರ. ಅಲ್ಲಿಯ ಹೆಡ್‌ಮಾಸ್ತರ ಬಾಯಿಯವರು, ಬಹಳ ಒಳ್ಳೆಯ ಹೆಣ್ಣುಮಗಳು, ನನ್ನ ಕೈ ಹಿಡಿದುಕೊಂಡು, “ನಿಮಗ ಬಿಪಿ ಅಂತ ಕೇಳಿದ್ವಿರಿ. ನಿಮಗಷ್ಟ ಅಡಿಗಿ ಬ್ಯಾರೆ ಮಾಡಿಸೀವಿ. ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ” ಎಂದರು. ಯಲಬುರ್ಗಾದ ಮಾತು ಇಲ್ಲಿಯ ತನಕ ಬಂದಿತ್ತು.

ನನ್ನ ತಟ್ಟೆಗೆ ಸಪ್ಪನೆಯ ಬೇಳೆ, ಸಪ್ಪನೆಯ ಬದನೆಕಾಯಿ ಬಂತು. ಪಕ್ಕದಲ್ಲಿ ಇವರ ತಟ್ಟೆಯಲ್ಲಿ ಎಣ್ಣೆಗಾಯಿ, ಹಪ್ಪಳ, ಮಾವಿನ ಉಪ್ಪಿನಕಾಯಿ. ಡಾಕ್ಟರು ಇವರಿಗೆ ಅವನ್ನು ಬಿಡಿಸಿ ಎರಡು ತಿಂಗಳಾಗಿತ್ತು. ದಿನಾ ಮುಂಜಾನೆ ಗುಳಿಗೆ ಎಣಿಸಿ ಅಂಗೈಗೆ ಹಾಕುವವಳು ನಾನು. ಒಂದು ತುತ್ತು ಬಾಯಿಗಿಟ್ಟೆ.

ಬಡಿಸುವವಳನ್ನು ಕರೆದೆ. “ತಂಗಿ, ಈ ತಟ್ಟಿ ಅವರ ಮುಂದ ಇಡವಾ. ಅವರದು ನನಗ ಕೊಡು. ಬಿಪಿ ಇರೂದು ಅವರಿಗೆ. ಮ್ಯಾಲೆ ಹೋದಾಕಿ ನಾನು.”

ದನಿ ಏರಿಸಲಿಲ್ಲ. ಆದರೂ ಪಂಕ್ತಿಯಲ್ಲಿ ಕುಳಿತವರೆಲ್ಲರಿಗೂ ಕೇಳಿಸಿತು. ಹೆಡ್‌ಮಾಸ್ತರ ಬಾಯಿಯವರು ಇವರ ಮುಖ ನೋಡಿದರು, ನನ್ನ ಮುಖ ನೋಡಿದರು, ತಮ್ಮ ತಟ್ಟೆ ನೋಡಿಕೊಂಡರು. ಆ ಹೆಂಗಸು ಗಾಬರಿಯಾಗಿ ತಟ್ಟೆ ಬದಲಿಸಿದಳು. ಇವರು ತಲೆ ಎತ್ತಲಿಲ್ಲ. ಸಪ್ಪನೆಯ ಬೇಳೆಯನ್ನು ಅನ್ನಕ್ಕೆ ಕಲಸಿಕೊಂಡು ಕೊನೆಯ ಅಗುಳಿನ ತನಕ ಉಂಡರು. ನಾನೂ ಉಂಡೆ. ನನಗೆ ಎಣ್ಣೆಗಾಯಿಯ ರುಚಿಯೇ ಗೊತ್ತಾಗಲಿಲ್ಲ.

ಊಟದ ನಂತರ ಇವರು ವೇದಿಕೆಗೆ ಹೋದರು. ಚಿಲಿಯ ಹೆಸರೆತ್ತಲಿಲ್ಲ. ಫೋಟೋ ತೋರಿಸಲಿಲ್ಲ. ಮೋಡವಿಲ್ಲ, ತಟ್ಟೆಯಿಲ್ಲ, ದೂಳಿನ ಉಂಡೆಯಿಲ್ಲ. ಗ್ರಹಣದ ದಿನ ಉಂಡರೆ ಏನೂ ಆಗುವುದಿಲ್ಲ ಎಂದು ಇಪ್ಪತ್ತು ನಿಮಿಷ ಹೇಳಿ ಕುಳಿತರು. ಅಂದಿನಿಂದ ಎಲ್ಲಿ ಕರೆದರೂ ಅದನ್ನೇ ಹೇಳುತ್ತಾರೆ. ಆ ಬಯಲಿಗೆ ಈಗ ಇವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ ಎಂಬಂತಾಗಿದೆ.

ಅಂದು ಇವರು ಕುಳಿತ ಮೇಲೆ, ಪ್ರಶ್ನೆ ಕೇಳ್ರಿ ಎಂದು ಹೆಡ್‌ಮಾಸ್ತರ ಬಾಯಿಯವರು ಮೈಕಿನಲ್ಲಿ ಹೇಳಿದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ಚುಕ್ಕಿ ಹೆಂಗ ಹುಟ್ಟತಾವಂತ ಹೇಳ್ತೀವಿ ಅಂದಿದ್ರಿ ಎಂದಳು. ಇವರು ಗಡಿಯಾರ ನೋಡಿಕೊಂಡು, ಇನ್ನೊಮ್ಮೆ ಬಂದಾಗ ಹೇಳೂಣು ಎಂದರು. ಹುಡುಗಿ ಕುಳಿತಳು. ಆಕೆಯ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಅಲ್ಲಿದ್ದವರಲ್ಲಿ ನೋಡಿ ಬಂದವಳು ನಾನೊಬ್ಬಳೇ. ಮೈಕು ನನ್ನ ಕುರ್ಚಿಯಿಂದ ಕೈಯಳತೆಯಲ್ಲಿತ್ತು. ನಾನು ಏಳಲಿಲ್ಲ.